ಬ್ಯಾಟರಿ ಸೆನ್ಸರ್‌ಗೆ ಯಾವ ವೈರ್‌ಲೆಸ್ ಚಿಪ್? ಒಂದೇ ಕೆಲಸ ಕೊಟ್ಟು ನೋಡಿದ ಹೋಲಿಕೆ

ವೈರ್‌ಲೆಸ್ ಚಿಪ್ ಅಂದ ಕೂಡಲೇ ಎಲ್ಲರೂ ಕೇಳುವುದು 'ರೇಂಜ್ ಎಷ್ಟು?' ಅಂತ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಮೊದಲನೆಯದು, ಕರೆಂಟ್ ಎಲ್ಲಿಂದ ಬರುತ್ತೆ? ಎರಡನೆಯದು, ಆ ಕಡೆ ಕೇಳಿಸಿಕೊಳ್ಳೋರು ಯಾರು? ಫೋನಾ, ರೂಟರಾ, ಇಲ್ಲಾ ನೀವೇ ಮಾಡಿದ ಇನ್ನೊಂದು ಬೋರ್ಡಾ? ಈ ಎರಡಕ್ಕೆ ಉತ್ತರ ಗೊತ್ತಿದ್ದರೆ ಅರ್ಧಕ್ಕರ್ಧ ಚಿಪ್‌ಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಅದಕ್ಕೇ ಎಲ್ಲ ಚಿಪ್‌ಗಳಿಗೂ ಒಂದೇ ಕೆಲಸ ಕೊಟ್ಟು ನೋಡಿದೆ. ಹತ್ತು ನಿಮಿಷಕ್ಕೊಮ್ಮೆ ಏಳಬೇಕು, ಬಿಸಿ ಮತ್ತು ತೇವಾಂಶ ಅಳೆಯಬೇಕು, ಕಳಿಸಬೇಕು, ಮತ್ತೆ ಮಲಗಬೇಕು. ಎಲ್ಲವೂ ಬ್ಯಾಟರಿಯಲ್ಲೇ.

ಶುರು ಮಾಡುವುದಕ್ಕೆ ವೈಫೈ, ಬ್ಲೂಟೂತ್ ಎರಡೂ ಇರುವ ಇಎಸ್‌ಪಿ32 ಚಿಪ್‌ನಷ್ಟು ಸುಲಭದ್ದು ಇನ್ನೊಂದಿಲ್ಲ. ಯುಎಸ್‌ಬಿ ಕೇಬಲ್ ಸಿಕ್ಕಿಸಿ, ಆರ್ಡುಯಿನೊ ಐಡಿಇ (ಕೋಡ್ ಬರೆಯುವ ತಂತ್ರಾಂಶ) ತೆರೆದು, ಅಪ್‌ಲೋಡ್ ಒತ್ತಿದರೆ ಆಯಿತು. ಮೈಕ್ರೋಪೈಥಾನ್ ಬೇಕಾದರೆ ಅದೂ ಇದೆ. ಡೆವ್ ಬೋರ್ಡ್‌ನಲ್ಲಿ (ಯುಎಸ್‌ಬಿ, ರೆಗ್ಯುಲೇಟರ್ ಎಲ್ಲ ಸೇರಿಸಿದ ಕಲಿಕೆಯ ಬೋರ್ಡ್) ಯುಎಸ್‌ಬಿ ಸೀರಿಯಲ್ ಚಿಪ್ಪಿನ ಡಿಟಿಆರ್, ಆರ್‌ಟಿಎಸ್ ಗೆರೆಗಳೇ ಚಿಪ್ಪನ್ನು ಪ್ರೋಗ್ರಾಮಿಂಗ್ ಮೋಡ್‌ಗೆ ಹಾಕುತ್ತವೆ. ಬರೀ ಮಾಡ್ಯೂಲ್ ತಂದರೆ ಮಾತ್ರ ಆ ಕೆಲಸ ನಮ್ಮದು: ಜಿಪಿಐಒ0 ಅನ್ನುವ ಪಿನ್ನನ್ನು ಗ್ರೌಂಡ್‌ಗೆ ಹಿಡಿದು ರೀಸೆಟ್ ಕೊಡಬೇಕು. ಇದಕ್ಕಿಂತ ಮೊದಲು, 2014ರಲ್ಲಿ ಬಂದ ವೈಫೈ ಚಿಪ್ ಇಎಸ್‌ಪಿ8266ರಲ್ಲಿ ಇದರ ಜೊತೆ ಜಿಪಿಐಒ15 ಲೋ (ಗ್ರೌಂಡ್), ಜಿಪಿಐಒ2 ಹೈ (3.3 ವೋಲ್ಟ್) ಇರಲೇಬೇಕು. ಅದರ ಬೂಟ್ ಸಂದೇಶ ಬರುವುದು 74880 ಬಾಡ್‌ನಲ್ಲಿ (ಸೀರಿಯಲ್ ವೇಗ). 115200 ಇಟ್ಟರೆ ಪರದೆ ತುಂಬ ಕಸ ಕಾಣುತ್ತೆ. ಚಿಪ್ ಹಾಳಾಗಿದೆ ಅಂತ ಎಸೆಯುವ ಮೊದಲು ಬಾಡ್ ರೇಟ್ ಬದಲಿಸಿ ನೋಡಿ.

ಪಿನ್ ಆರಿಸುವಾಗಲೂ ಜೋಪಾನ. ಇಎಸ್‌ಪಿ32ರಲ್ಲಿ 34ರಿಂದ 39ರವರೆಗಿನ ಪಿನ್‌ಗಳು ಇನ್‌ಪುಟ್ ಮಾತ್ರ. 6ರಿಂದ 11ರವರೆಗಿನವು ಪ್ರೋಗ್ರಾಂ ಕೂರುವ ಫ್ಲಾಶ್ ಮೆಮೊರಿಗೆ ಮೀಸಲು. ವೋಲ್ಟೇಜ್ ಅಳೆಯುವ ಎಡಿಸಿ ಪಿನ್‌ಗಳು ಎರಡು ಗುಂಪು; ವೈಫೈ ಓಡುತ್ತಿರುವಾಗ ಎಡಿಸಿ2 ಪಿನ್‌ಗಳಲ್ಲಿ ಅನಲಾಗ್ ಓದಲು ಆಗುವುದಿಲ್ಲ, ಅದಕ್ಕೆ ಸೆನ್ಸರನ್ನು ಮೊದಲೇ ಎಡಿಸಿ1ಕ್ಕೆ ಹಾಕಿಬಿಡಿ. ಪಿನ್ 12ಕ್ಕೆ ಪುಲ್‌ಅಪ್ (ಪಿನ್ನನ್ನು ಮೇಲಿನ ವೋಲ್ಟೇಜ್‌ಗೆ ಎಳೆಯುವ ರೆಸಿಸ್ಟರ್) ಇರುವ ಏನನ್ನಾದರೂ ಜೋಡಿಸಿದರೆ ಫ್ಲಾಶ್‌ಗೆ 1.8 ವೋಲ್ಟ್ ಸಾಕು ಅಂತ ಚಿಪ್ ತಿಳಿದುಕೊಳ್ಳುತ್ತದೆ. 3.3 ವೋಲ್ಟ್ ಫ್ಲಾಶ್ ಇರುವ ಮಾಡ್ಯೂಲ್ ಆಗ ಬೂಟ್ ಆಗುವುದೇ ಇಲ್ಲ.

ಇನ್ನು ಬ್ಯಾಟರಿ ವಿಷಯ. ಡೀಪ್ ಸ್ಲೀಪ್‌ನಲ್ಲಿ ಇಎಸ್‌ಪಿ32 ಸುಮಾರು 10 ಮೈಕ್ರೋಆಂಪ್‌ಗೆ ಇಳಿಯುತ್ತದೆ. ಓದಿದರೆ ಖುಷಿಯಾಗುತ್ತೆ ಅಲ್ವಾ? ಆದರೆ ಡೆವ್ ಬೋರ್ಡ್ ಮೇಲೆ ವೋಲ್ಟೇಜ್ ಇಳಿಸುವ ಎಎಂಎಸ್1117 ಥರದ ರೆಗ್ಯುಲೇಟರ್ ಇದ್ದರೆ, ಅದೊಂದೇ ಸುಮ್ನೆ ಕೂತು 5 ಮಿಲಿಆಂಪ್ ಹೀರುತ್ತದೆ. ಅಂದರೆ ಚಿಪ್‌ಗಿಂತ 500 ಪಟ್ಟು ಜಾಸ್ತಿ. 2000 ಎಂಎಎಚ್ ಬ್ಯಾಟರಿ 400 ಗಂಟೆಯಲ್ಲಿ, ಅಂದರೆ ಹದಿನೇಳು ದಿನದೊಳಗೆ ಖಾಲಿ. ಪವರ್ ಎಲ್‌ಇಡಿ, ಯುಎಸ್‌ಬಿ ಸೀರಿಯಲ್ ಚಿಪ್ ಇವುಗಳ ಖರ್ಚು ಬೇರೆ. ಬ್ಯಾಟರಿ ಸೆನ್ಸರ್ ಮಾಡುವುದಾದರೆ ಬರೀ ಮಾಡ್ಯೂಲ್ ತಗೊಳ್ಳಿ, ಸುಮ್ನೆ ಕೂತಾಗ ಎಳೆಯುವ (ಕ್ವಯೆಸೆಂಟ್) ಕರೆಂಟ್ ಕಡಿಮೆ ಇರುವ ರೆಗ್ಯುಲೇಟರ್ ಹಾಕಿ.

ರೆಗ್ಯುಲೇಟರ್ ಸರಿಹೋದ ಮೇಲೆ ಉಳಿಯುವುದು ವೈಫೈ ಖರ್ಚು. ರೂಟರ್ ಹುಡುಕಿ, ಐಪಿ ವಿಳಾಸ ಪಡೆದು, ಡೇಟಾ ಕಳಿಸುವುದಕ್ಕೆ ನಾಲ್ಕು ಸೆಕೆಂಡ್ ಬೇಕು, ಸರಾಸರಿ 100 ಮಿಲಿಆಂಪ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ ಹಂಚಿದರೆ ಸರಾಸರಿ 0.67 ಮಿಲಿಆಂಪ್. ಅದೇ 2000 ಎಂಎಎಚ್ ಬ್ಯಾಟರಿ ನಾಲ್ಕು ತಿಂಗಳು ಬರುತ್ತದೆ. ಐಪಿ ವಿಳಾಸ, ಚಾನಲ್, ರೂಟರಿನ ಬಿಎಸ್‌ಎಸ್‌ಐಡಿ (ಅದರ ರೇಡಿಯೋ ವಿಳಾಸ) ಮೂರನ್ನೂ ಕೋಡ್‌ನಲ್ಲೇ ಕೊಟ್ಟು ಎಚ್ಚರದ ಹೊತ್ತನ್ನು ಒಂದು ಸೆಕೆಂಡಿಗೆ ಇಳಿಸಿದರೆ, ಲೆಕ್ಕದ ಪ್ರಕಾರ ಒಂದು ವರ್ಷ ದಾಟುತ್ತದೆ. ಚಿಪ್ ಬದಲಿಸುವ ಮೊದಲು ಇಷ್ಟನ್ನು ಮಾಡಿ ನೋಡಲೇಬೇಕು.

ರೂಟರ್ ಬೇಡವೇ ಬೇಡ ಅಂದರೆ ಇಎಸ್‌ಪಿ-ನೌ ಇದೆ. ಒಂದು ಇಎಸ್‌ಪಿಯಿಂದ ಇನ್ನೊಂದಕ್ಕೆ ನೇರವಾಗಿ, ಮೊದಲ ಆವೃತ್ತಿಯಲ್ಲೇ 250 ಬೈಟ್‌ವರೆಗೆ ಕಳಿಸಬಹುದು, ಕನೆಕ್ಷನ್ ಗೊಡವೆ ಇಲ್ಲ. ನನಗೆ ಇದು ತುಂಬಾ ಇಷ್ಟವಾಯಿತು. ನೆನಪಿಡಬೇಕಾದ್ದು ಒಂದೇ: ಎರಡೂ ಕಡೆ ಒಂದೇ ಚಾನಲ್ ಇರಬೇಕು. ಕೇಳುವ ಬೋರ್ಡ್ ರೂಟರಿಗೂ ಜೋಡಿಸಿಕೊಂಡಿದ್ದರೆ ಅದು ರೂಟರಿನ ಚಾನಲ್‌ಗೇ ಹೋಗುತ್ತದೆ. ಆಗ ಸೆನ್ಸರ್ ಕೂಡ ಅಲ್ಲಿಗೇ ಬರಬೇಕು.

ಎನ್‌ಆರ್‌ಎಫ್24ಎಲ್01 ಪ್ಲಸ್ ಬೇರೆ ಜಾತಿ. ಇದು ಬರೀ ರೇಡಿಯೋ. ಪ್ರೋಗ್ರಾಂ ಇದರೊಳಗೆ ಕೂರುವುದಿಲ್ಲ, ಎಸ್‌ಪಿಐ ಅನ್ನುವ ತಂತಿಗಳ ಮೂಲಕ ಅಪ್ಪಣೆ ಕೊಡಲು ಪಕ್ಕದಲ್ಲಿ ಒಂದು ಮೈಕ್ರೋಕಂಟ್ರೋಲರ್ ಬೇಕು. ಒಂದು ಪ್ಯಾಕೆಟ್‌ಗೆ 32 ಬೈಟ್ ಮಾತ್ರ, ಆದರೆ ಬಿಸಿ, ತೇವಾಂಶ, ಬ್ಯಾಟರಿ ವೋಲ್ಟೇಜ್ ಕಳಿಸಲು ಅದು ಧಾರಾಳವಾಯಿತು. ಕಳಿಸುವಾಗ 11.3 ಮಿಲಿಆಂಪ್, ಪವರ್ ಡೌನ್‌ನಲ್ಲಿ 900 ನ್ಯಾನೋಆಂಪ್. ತಲುಪಿತು ಅನ್ನುವ ಉತ್ತರಕ್ಕೆ ಕಾಯುವುದು, ಬರದಿದ್ದರೆ 15 ಸಲದವರೆಗೆ ಮತ್ತೆ ಕಳಿಸುವುದು, ಎಲ್ಲವನ್ನೂ ಚಿಪ್ಪೇ ನೋಡಿಕೊಳ್ಳುತ್ತದೆ. ಬ್ಯಾಟರಿ ವಿಷಯದಲ್ಲಿ ಇದು ವೈಫೈಯನ್ನು ಬಹಳ ಹಿಂದೆ ಹಾಕುತ್ತದೆ.

ತಲೆನೋವು ಇರುವುದು ಪವರ್ ಸಪ್ಲೈನಲ್ಲಿ. ವೋಲ್ಟೇಜ್ ಚೂರು ಅಲ್ಲಾಡಿದರೂ ಪ್ಯಾಕೆಟ್ ಕಳೆಯುತ್ತದೆ. ಮಾಡ್ಯೂಲಿನ ವಿಸಿಸಿ ಮತ್ತು ಗ್ರೌಂಡ್ ಕಾಲುಗಳಿಗೇ ಅಂಟಿದ ಹಾಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ. ಬ್ರೆಡ್‌ಬೋರ್ಡಿನ ಇನ್ನೊಂದು ತುದಿಯಲ್ಲಿ ಸಿಕ್ಕಿಸಿದರೆ ಪ್ರಯೋಜನ ಕಡಿಮೆ. ಉದ್ದ ಆಂಟೆನಾದ ಪಿಎ (ಸಿಗ್ನಲ್ ಬಲಪಡಿಸುವ) ಮಾಡ್ಯೂಲ್ 100 ಮಿಲಿಆಂಪ್‌ಗಿಂತ ಜಾಸ್ತಿ ಕೇಳುತ್ತದೆ. ಆರ್ಡುಯಿನೊ ಊನೊದ 3.3 ವೋಲ್ಟ್ ಪಿನ್ನಿನಿಂದ ಅಷ್ಟು ನಿರೀಕ್ಷಿಸಬೇಡಿ, ಬೇರೆ ರೆಗ್ಯುಲೇಟರ್ ಕೊಡಿ. ಚಾನಲ್ ಲೆಕ್ಕ ಸುಲಭ: 2400ಕ್ಕೆ ಚಾನಲ್ ಸಂಖ್ಯೆ ಕೂಡಿಸಿದರೆ ಮೆಗಾಹರ್ಟ್ಸ್. ನಕಲಿ ಚಿಪ್‌ಗಳೂ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. 250 ಕೆಬಿಪಿಎಸ್ ವೇಗ ಹಾಕಿ, ರಿಜಿಸ್ಟರನ್ನು ವಾಪಸ್ ಓದಿ. ಹಾಕಿದ್ದು ಉಳಿದಿಲ್ಲ ಅಂದರೆ ಅದು ಪ್ಲಸ್ ಅಲ್ಲ.

ಫೋನಿಗೆ ನೇರವಾಗಿ ಕಾಣಬೇಕು, ನಾಣ್ಯದಷ್ಟು ಬ್ಯಾಟರಿಯಲ್ಲೇ ನಡೆಯಬೇಕು ಅಂದರೆ ಎನ್‌ಆರ್‌ಎಫ್52840. 64 ಮೆಗಾಹರ್ಟ್ಸ್‌ನ ಕಾರ್ಟೆಕ್ಸ್ ಎಂ4, 1 ಎಂಬಿ ಫ್ಲಾಶ್, 256 ಕೆಬಿ ರ‍್ಯಾಮ್, ಬ್ಲೂಟೂತ್ ಲೋ ಎನರ್ಜಿ, ಥ್ರೆಡ್ ಮತ್ತು ಜಿಗ್ಬೀಗೆ (ಮನೆಯ ಸಾಧನಗಳ ಜಾಲಗಳು) ಬೇಕಾದ ರೇಡಿಯೋ, ಜೊತೆಗೆ ಯುಎಸ್‌ಬಿ, ಎಲ್ಲವೂ ಒಂದೇ ಚಿಪ್‌ನಲ್ಲಿ. ಒಳಗಿನ ಡಿಸಿ-ಡಿಸಿ ರೆಗ್ಯುಲೇಟರ್ ಆನ್ ಮಾಡಿದರೆ ಕಳಿಸುವಾಗಲೂ 5 ಮಿಲಿಆಂಪ್ ಆಸುಪಾಸು. ಸಿಆರ್2032 ನಾಣ್ಯದ ಬ್ಯಾಟರಿ ಅದನ್ನು ತಡೆದುಕೊಳ್ಳುತ್ತದೆ. ಇಎಸ್‌ಪಿ32 ವೈಫೈ ಕಳಿಸುವಾಗ ಎಳೆಯುವ 240 ಮಿಲಿಆಂಪನ್ನು ಆ ಬ್ಯಾಟರಿ ಕೊಡಲಾರದು.

ಪ್ರೋಗ್ರಾಮಿಂಗ್ ಮಾತ್ರ ಸ್ವಲ್ಪ ತಾಳ್ಮೆ ಬೇಡುತ್ತದೆ. ಯುಎಫ್2 ಬೂಟ್‌ಲೋಡರ್ ಇರುವ ಬೋರ್ಡ್ ತಗೊಂಡರೆ, ರೀಸೆಟ್ ಎರಡು ಸಲ ಒತ್ತಿದಾಗ ಅದು ಪೆನ್‌ಡ್ರೈವ್‌ನಂತೆ ಕಾಣಿಸಿಕೊಳ್ಳುತ್ತದೆ, ಫೈಲ್ ಎಳೆದು ಹಾಕಿದರೆ ಮುಗಿಯಿತು. ಬರೀ ಮಾಡ್ಯೂಲ್ ಆದರೆ ಎಸ್‌ಡಬ್ಲ್ಯುಡಿ ಪ್ರೋಬ್ (ಕೋಡ್ ತುಂಬುವ, ನಿಲ್ಲಿಸಿ ನೋಡುವ ಸಾಧನ) ಬೇಕು. ಒಂದು ರಾಸ್ಪ್‌ಬೆರಿ ಪೈ ಪಿಕೊ ಬೋರ್ಡ್ ಇದ್ದರೆ ಅದಕ್ಕೆ ಡೀಬಗ್‌ಪ್ರೋಬ್ ಫರ್ಮ್‌ವೇರ್ ಹಾಕಿ ಪ್ರೋಬ್ ಮಾಡಿಕೊಳ್ಳಬಹುದು. ಇದಕ್ಕೆ ಕೋಡ್ ಬರೆಯಲು ಬಳಸುವ ಝೆಫಿರ್ (ಪುಟ್ಟ ಚಿಪ್‌ಗಳ ಆಪರೇಟಿಂಗ್ ಸಿಸ್ಟಮ್) ಕಲಿಯಲು ಹೊತ್ತು ಹಿಡಿಯುತ್ತದೆ. ಆದರೆ ಸಾಲು ಸಾಲಾಗಿ ನಿಲ್ಲಿಸಿ ವೇರಿಯೇಬಲ್ ನೋಡುವ ಸುಖ ಸೀರಿಯಲ್ ಪ್ರಿಂಟ್‌ನಲ್ಲಿ ಎಲ್ಲಿದೆ? ಒಂದು ಮಾತು: ಬ್ಲೂಟೂತ್ ಕನೆಕ್ಷನ್ ಇರುವಾಗ ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿದರೆ ಟೈಮ್‌ಔಟ್ ಆಗಿ ಫೋನ್ ಕಳಚಿಕೊಳ್ಳುತ್ತದೆ. ಅದು ನಿಮ್ಮ ಕೋಡ್‌ನ ತಪ್ಪಲ್ಲ.

ಲೋರಾ ಅನ್ನುವ ರೇಡಿಯೋ ತಂತ್ರದ ಎಸ್‌ಎಕ್ಸ್1276 ಚಿಪ್ ಕಿಲೋಮೀಟರ್‌ಗಟ್ಟಲೆ ದೂರಕ್ಕೆ, ಅಪರೂಪಕ್ಕೆ, ನಾಲ್ಕಾರು ಬೈಟ್ ಕಳಿಸಲು ಇರುವಂಥದ್ದು. ಸ್ಪ್ರೆಡಿಂಗ್ ಫ್ಯಾಕ್ಟರ್ (ಎಸ್‌ಎಫ್: ಸಿಗ್ನಲನ್ನು ಎಷ್ಟು ಹಿಗ್ಗಿಸಿ ಕಳಿಸುವುದು ಅನ್ನುವ ಅಂಕಿ) ಒಂದು ಹೆಜ್ಜೆ ಏರಿಸಿದರೆ ಗಾಳಿಯಲ್ಲಿರುವ ಹೊತ್ತು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 125 ಕಿಲೋಹರ್ಟ್ಸ್‌ನಲ್ಲಿ ಒಂದು ಸಿಂಬಲ್‌ಗೆ (ಸಿಗ್ನಲಿನ ಒಂದು ತುಣುಕು) ಎಸ್‌ಎಫ್7ರಲ್ಲಿ 1 ಮಿಲಿಸೆಕೆಂಡ್, ಎಸ್‌ಎಫ್12ರಲ್ಲಿ 33. ಗೋಡೆಯಾಚೆಯ ಸೆನ್ಸರಿಗೆ ಇದನ್ನು ಹಾಕುವ ಅಗತ್ಯ ನನಗೆ ಕಾಣಲಿಲ್ಲ. ಹಾಕುವುದೇ ಆದರೆ ನಿಮ್ಮ ದೇಶದಲ್ಲಿ ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿಯ ಮಾಡ್ಯೂಲ್ ನೋಡಿಕೊಳ್ಳಿ, ಆಂಟೆನಾ ಇಲ್ಲದೆ ಯಾವತ್ತೂ ಟ್ರಾನ್ಸ್‌ಮಿಟ್ ಮಾಡಬೇಡಿ.

ನಾನು ಕೊನೆಗೆ ಉಳಿಸಿಕೊಂಡಿದ್ದು ಜೋಡಿಯನ್ನು. ಬ್ಯಾಟರಿ ಕಡೆ ಎನ್‌ಆರ್‌ಎಫ್52840, ಗೋಡೆಯ ಪ್ಲಗ್ ಕಡೆ ಇಎಸ್‌ಪಿ32. ಸೆನ್ಸರ್ ಯಾರಿಗೂ ಕನೆಕ್ಟ್ ಆಗುವುದಿಲ್ಲ, ಅಳತೆಯನ್ನು 31 ಬೈಟ್‌ನ ಬ್ಲೂಟೂತ್ ಅಡ್ವರ್ಟೈಸ್‌ಮೆಂಟ್‌ನಲ್ಲೇ (ಎಲ್ಲರಿಗೂ ಕೇಳುವ ಪ್ರಕಟಣೆ) ತುಂಬಿಸಿ ಹೊರಗೆ ಬಿಡುತ್ತದೆ. ಇಎಸ್‌ಪಿ32 ಅದನ್ನು ಹಿಡಿದು ವೈಫೈಗೆ ದಾಟಿಸುತ್ತದೆ. ಅದರೊಳಗೆ ವೈಫೈ, ಬ್ಲೂಟೂತ್ ಎರಡಕ್ಕೂ ಇರುವುದು ಒಂದೇ ರೇಡಿಯೋ. ಹಾಗಾಗಿ ಸ್ಕ್ಯಾನ್ ವಿಂಡೋವನ್ನು (ಕಿವಿ ತೆರೆದಿಡುವ ಹೊತ್ತು) ಸ್ಕ್ಯಾನ್ ಇಂಟರ್‌ವಲ್‌ಗಿಂತ (ಒಂದು ಸ್ಕ್ಯಾನ್ ಶುರುವಿನಿಂದ ಮುಂದಿನದರವರೆಗಿನ ಹೊತ್ತು) ಚಿಕ್ಕದಾಗಿ ಇಡಿ, ಇಲ್ಲದಿದ್ದರೆ ವೈಫೈಗೆ ಸರದಿಯೇ ಸಿಗುವುದಿಲ್ಲ. ಹೀಗೆ ಮಾಡಿದಾಗ ನಡುನಡುವೆ ಕೆಲವು ಪ್ಯಾಕೆಟ್ ತಪ್ಪಿಹೋಗುತ್ತವೆ. ಅದಕ್ಕೆ ಸೆನ್ಸರ್ ಒಂದೇ ಅಳತೆಯನ್ನು ಹತ್ತಾರು ಸಲ ಕೂಗಲಿ, ಸೀಕ್ವೆನ್ಸ್ ನಂಬರ್ ನೋಡಿ ಇಎಸ್‌ಪಿ32 ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಲಿ.