ಗ್ರಹಣದ ಫೋಟೋಗೆ 55-250 ಲೆನ್ಸ್ ಸಾಕಾ? ವಿಜಯಪುರದ ಮಾಳಿಗೆಯಿಂದ ಹೇಳುತ್ತಿದ್ದೇನೆ

ಚಂದ್ರಗ್ರಹಣಕ್ಕೆ ಕ್ಯಾನನ್ 55-250 ಎಸ್‌ಟಿಎಂ ಲೆನ್ಸ್ (55ರಿಂದ 250 ಎಂಎಂವರೆಗೆ ಜೂಮ್ ಆಗುವಂಥದ್ದು) ಸಾಕು. ಸಾಲದೇ ಬರುವುದು ಟ್ರೈಪಾಡ್. ಹಲವು ವರ್ಷಗಳಿಂದ ಈ ಲೆನ್ಸನ್ನು 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಚಿತ್ರ ಹಿಡಿಯುವ ಚಿಪ್ ಸ್ವಲ್ಪ ಚಿಕ್ಕದಿರುವ) ಡಿಎಸ್‌ಎಲ್‌ಆರ್‌ಗೆ ಹಾಕಿಕೊಂಡು ನಮ್ಮ ಮನೆ ಮಾಳಿಗೆಯಿಂದ ಗ್ರಹಣ ತೆಗೆಯುತ್ತಿದ್ದೇನೆ. ಜಾತ್ರೆ, ಮದುವೆ, ಮಕ್ಕಳ ಓಟದ ಸ್ಪರ್ಧೆಗೂ ಇದೇ ಲೆನ್ಸ್. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಇಲ್ಲಿ ಬರೀ ಚಂದ್ರನ ಮಾತು.

250 ಎಂಎಂನಲ್ಲಿ ಚಂದ್ರ ಎಷ್ಟು ದೊಡ್ಡದಾಗಿ ಬರುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ. ಫೋಕಲ್ ಲೆಂತ್ (ಲೆನ್ಸಿನ ಆ ಎಂಎಂ ಸಂಖ್ಯೆ) ಎಷ್ಟಿದೆಯೋ ಅದನ್ನು 110ರಿಂದ ಭಾಗಿಸಿ. ಸೆನ್ಸರ್ ಮೇಲೆ ಬೀಳುವ ಚಂದ್ರನ ಅಗಲ ಮಿಲಿಮೀಟರ್‌ನಲ್ಲಿ ಸಿಗುತ್ತದೆ. 250ಕ್ಕೆ ಸುಮಾರು 2.3 ಮಿ.ಮೀ. ಸೆನ್ಸರ್ ಅಗಲ 22.3 ಮಿ.ಮೀ. ಅಂದರೆ ಚಂದ್ರ ಚೌಕಟ್ಟಿನ ಹತ್ತರಲ್ಲಿ ಒಂದು ಪಾಲು, ಪಿಕ್ಸೆಲ್ ಲೆಕ್ಕದಲ್ಲಿ 600 ಆಸುಪಾಸು. ಕ್ರಾಪ್ ಮಾಡಿ ಫೋನಿನಲ್ಲಿ ನೋಡಲು, ಅಂಗೈಯಗಲ ಪ್ರಿಂಟ್ ಹಾಕಿಸಲು ಚೆನ್ನಾಗಿಯೇ ಇರುತ್ತದೆ. ಗೋಡೆ ತುಂಬ ಚಂದ್ರ ಬೇಕು ಅನ್ನುವವರಿಗೆ ಇದಲ್ಲ. ಅವರು ಟೆಲಿಸ್ಕೋಪ್ ನೋಡಲಿ.

2013ರಲ್ಲಿ ಬಂದ ಲೆನ್ಸ್ ಇದು. ತೂಕ 375 ಗ್ರಾಂ. ಸುಮ್ನೆ ಹುಣ್ಣಿಮೆ ಚಂದ್ರನನ್ನು ತೆಗೆಯಲು ಟ್ರೈಪಾಡ್ ಕೂಡ ಬೇಡ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 100, ಎಫ್ (ಲೆನ್ಸ್ ಎಷ್ಟು ತೆರೆದಿದೆ ಅನ್ನುವ ಅಂಕಿ, ಕಡಿಮೆಯಾದಷ್ಟು ಬೆಳಕು ಹೆಚ್ಚು) 8, ಶಟರ್ 1/250 ಸೆಕೆಂಡ್ ಇಟ್ಟು ಕೈಯಲ್ಲೇ ಹಿಡಿದು ಒತ್ತಬಹುದು. ಚಂದ್ರ ಬಿಸಿಲಿನಲ್ಲಿ ನಿಂತ ಕಲ್ಲು, ಅಲ್ವಾ? ಹಾಗಾಗಿ ವೈಟ್ ಬ್ಯಾಲೆನ್ಸನ್ನೂ (ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಬಿಸಿಲಿನದೇ ಇಡಿ. ಆಟೋದಲ್ಲಿ ಬಿಟ್ಟರೆ ಗ್ರಹಣದ ಕೆಂಪು ಫೋಟೋದಿಂದ ಫೋಟೋಗೆ ಬೇರೆ ಬೇರೆಯಾಗಿ ಬರುತ್ತದೆ.

ನಿಜವಾದ ಕಷ್ಟ ಗ್ರಹಣ ಪೂರ್ತಿ ಹಿಡಿದಾಗ. ಬೆಳಕು ಹತ್ತು ಸಾವಿರ ಪಟ್ಟಿಗಿಂತಲೂ ಕಡಿಮೆ ಆಗಬಹುದು. 2025ರ ಸೆಪ್ಟೆಂಬರ್ 7ರ ಗ್ರಹಣವನ್ನೇ ತೆಗೆದುಕೊಳ್ಳಿ. ರಾತ್ರಿ 9.57ಕ್ಕೆ ನೆರಳು ಹಿಡಿಯಲು ಶುರು, 11.01ಕ್ಕೆ ಪೂರ್ತಿ ಕೆಂಪು, 82 ನಿಮಿಷ ಹಾಗೆಯೇ. ಮೊದಲ ಒಂದು ಗಂಟೆ ಕೆಲಸ ಹಗುರ: ಬೆಳಗುವ ಭಾಗಕ್ಕೆ ಎಕ್ಸ್‌ಪೋಷರ್ ಇಟ್ಟುಕೊಂಡು, ನೆರಳು ಬೆಳೆದ ಹಾಗೆ ಶಟರ್ ನಿಧಾನ ಮಾಡುತ್ತಾ ಹೋಗುವುದು ಅಷ್ಟೇ. ಪೂರ್ತಿ ಮುಳುಗಿದ ಮೇಲೆ ಎಫ್ 5.6ಕ್ಕೆ ಬಂದೆ. 250ರಲ್ಲಿ ಈ ಲೆನ್ಸ್ ಅದಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಐಎಸ್‌ಒ 1600, ಶಟರ್ 1 ಸೆಕೆಂಡ್. ನಟ್ಟನಡುವೆ ಐಎಸ್‌ಒ 3200.

ಶಟರ್ ಇನ್ನೂ ಉದ್ದ ಇಡಬಹುದಲ್ಲ ಅಂತೀರಾ? ಆಗಲ್ಲ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಈ ಲೆನ್ಸ್ ಈ ಸೆನ್ಸರ್ ಮೇಲೆ ಅದು ಸೆಕೆಂಡಿಗೆ ಸುಮಾರು 5 ಪಿಕ್ಸೆಲ್. 1 ಸೆಕೆಂಡಿಗೆ ಅಂಚು ಸ್ವಲ್ಪ ಮೆತ್ತಗಾಗುತ್ತದೆ, 4 ಸೆಕೆಂಡಿಗೆ ಚಂದ್ರ ಉದ್ದಕ್ಕೆ ಎಳೆದಂತೆ ಕಾಣುತ್ತಾನೆ. ನನಗೆ ಮಸುಕಿಗಿಂತ ಐಎಸ್‌ಒ ಹೆಚ್ಚಿಸಿದಾಗ ಬರುವ ಕಾಳು ಕಾಳು ಚುಕ್ಕೆ ವಾಸಿ. ರಾ ಫೈಲ್‌ನಲ್ಲಿ (ಸೆನ್ಸರ್ ಕೊಟ್ಟಿದ್ದನ್ನು ಹಾಗೆಯೇ ಇಡುವ ಫೈಲ್) ತೆಗೆದಿದ್ದರೆ ಅದನ್ನು ಆಮೇಲೆ ಕಡಿಮೆ ಮಾಡಬಹುದು, ಮಸುಕಿಗೆ ಮದ್ದಿಲ್ಲ. ಇನ್ನೊಂದು, ಪೂರ್ತಿ ಮುಳುಗುವ ಸ್ವಲ್ಪ ಮುಂಚೆ ಮತ್ತು ಬಿಡುವಾಗ ನೆರಳಿನ ಅಂಚಿನಲ್ಲಿ ತೆಳ್ಳಗೆ ನೀಲಿ ಬಣ್ಣ ಬರುತ್ತದೆ. ಭೂಮಿಯ ಓಝೋನ್ ಪದರ ಹಾಯ್ದು ಬಂದ ಬೆಳಕು ಅದು. ಬರಿಗಣ್ಣಿಗಿಂತ ಈ ಲೆನ್ಸಿಗೆ ಚೆನ್ನಾಗಿ ಸಿಕ್ಕಿತು. ಇಡೀ ರಾತ್ರಿಯಲ್ಲಿ ನನಗೆ ಅತಿ ಇಷ್ಟವಾದ ಫೋಟೋ ಅದೇ.

ಫೋಕಸ್ ಬಗ್ಗೆ ಒಂದು ಮಾತು. ಕೆಂಪು ಚಂದ್ರನ ಮೇಲೆ ಆಟೋಫೋಕಸ್ ಅತ್ತಿತ್ತ ತಡಕಾಡುತ್ತದೆ. ಗ್ರಹಣಕ್ಕೆ ಮುಂಚೆಯೇ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನಿನಲ್ಲಿ) ಹತ್ತು ಪಟ್ಟು ದೊಡ್ಡದು ಮಾಡಿ ಫೋಕಸ್ ಹಿಡಿದು ಎಂಎಫ್‌ಗೆ (ಕೈಯಿಂದ ಮಾಡುವ ಫೋಕಸ್) ಹಾಕಿಬಿಡಿ. ಲೆನ್ಸಿನ ಫೋಕಸ್ ರಿಂಗ್ ಮೋಟರ್ ಮೂಲಕ ಕೆಲಸ ಮಾಡುತ್ತದೆ, ಕ್ಯಾಮೆರಾ ಆಫ್ ಇದ್ದರೆ ತಿರುಗಿಸಿದರೂ ಉಪಯೋಗವಿಲ್ಲ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಆಫ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ.

ಇನ್ನು ಟ್ರೈಪಾಡ್. ನನ್ನದು ಹಗುರ ಅಲ್ಯೂಮಿನಿಯಂದು, ವಿಡಿಯೋ ತೆಗೆಯುವವರ ಉದ್ದ ಹಿಡಿ ಇರುವಂಥದ್ದು. ಹೆಸರು ಬೇಡ. 2025ರ ಆ ಗ್ರಹಣದ ರಾತ್ರಿ ಚಂದ್ರ ಹೆಚ್ಚೂಕಡಿಮೆ ನೆತ್ತಿಗೆ ಬಂದಿದ್ದ. ಅಷ್ಟು ಮೇಲಕ್ಕೆ ತಿರುಗಿಸಿದರೆ ಹಿಡಿ ಟ್ರೈಪಾಡಿನ ಕಾಲಿಗೆ ತಾಗುತ್ತದೆ, ಬಿಗಿ ಮಾಡಿ ಕೈ ಬಿಟ್ಟರೆ ಕ್ಯಾಮೆರಾ ಕೂರುವ ತಲೆ ಒಂಚೂರು ಕೆಳಗೆ ಜಾರುತ್ತದೆ. ಚಂದ್ರ ಹತ್ತು ನಿಮಿಷದಲ್ಲಿ ಚೌಕಟ್ಟಿನ ನಡುವಿನಿಂದ ಅಂಚಿಗೆ ಹೋಗುವುದರಿಂದ ಈ ಆಟ ಮತ್ತೆ ಮತ್ತೆ. ಗಾಳಿಗೆ ನಡುವಿನ ಕೊಕ್ಕೆಗೆ ಜೋಳದ ಚೀಲ ನೇತು ಹಾಕಿದೆ, ನಡುಗುವುದು ನಿಂತಿತು. 400 ಎಂಎಂ ಲೆನ್ಸಿಗೆ ಅಂತ ಕೂಡಿಟ್ಟ ದುಡ್ಡಿದ್ದರೆ ಮೊದಲು ಗಟ್ಟಿ ಬಾಲ್ ಹೆಡ್ (ಎತ್ತ ಬೇಕಾದರೂ ತಿರುಗುವ ಗುಂಡು ತಲೆ) ಇರುವ ಟ್ರೈಪಾಡ್ ಕೊಳ್ಳಿ.

ಗೋಳಗುಮ್ಮಟದ ಜೊತೆ ಚಂದ್ರ ಬೇಕು ಅನ್ನುವವರಿಗೆ ಈ ಲೆನ್ಸ್ ಇನ್ನೂ ಒಳ್ಳೆಯದು. ಒಂದು ಕಿಲೋಮೀಟರ್ ದೂರ ನಿಂತರೆ 44 ಮೀಟರ್ ಅಗಲದ ಗುಮ್ಮಟ ಚೌಕಟ್ಟಿನ ಅರ್ಧ ತುಂಬುತ್ತದೆ, ಚಂದ್ರ ಅದರ ಐದನೇ ಒಂದು ಪಾಲು ಕಾಣುತ್ತಾನೆ. 2022ರ ನವೆಂಬರ್ 8, ಗೌರಿ ಹುಣ್ಣಿಮೆ. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು, 6.19ಕ್ಕೆ ಬಿಟ್ಟೂ ಆಯಿತು. ಆ ಕಾಲದ ಹುಣ್ಣಿಮೆ ಚಂದ್ರ ಪೂರ್ವದಿಂದ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಅದಕ್ಕೇ ಗುಮ್ಮಟದ ನೇರ ಪಶ್ಚಿಮಕ್ಕಲ್ಲ, ಸ್ವಲ್ಪ ದಕ್ಷಿಣಕ್ಕೆ ಸರಿದು ನಿಲ್ಲಬೇಕು. ಒಳಗೆ ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ದೂರದ ಮಾಳಿಗೆಯೇ ಸಲೀಸು.

2023ರ ಶೀಗಿ ಹುಣ್ಣಿಮೆಯದು ರಾತ್ರಿ ಒಂದು ಗಂಟೆಗೆ ಶುರುವಾದ ಸಣ್ಣ ಗ್ರಹಣ. ಚಂದ್ರನ ಅಗಲದ ಎಂಟನೇ ಒಂದು ಪಾಲು ಮಾತ್ರ ಹಿಡಿದಿತ್ತು. ನಿದ್ದೆ ಕೆಡಿಸಿಕೊಳ್ಳುವಷ್ಟು ಇರಲಿಲ್ಲ. "ಗ್ರಹಣ ಹಿಡದಾಗ ಹೊರಗ ನಿಂದರಬ್ಯಾಡೋ" ಅಂತ ಅವ್ವ ಕೂಗಿದ್ದೂ ಆಯಿತು.

ಶುರುವಿನಿಂದ ಕೊನೆಯವರೆಗೆ ಇಲ್ಲಿಂದ ಕಾಣುವ ಮುಂದಿನ ಪೂರ್ಣ ಗ್ರಹಣ 2028ರ ಡಿಸೆಂಬರ್ 31ರ ರಾತ್ರಿ. ಹತ್ತು ಗಂಟೆ ಆಸುಪಾಸಿನಲ್ಲಿ ಚಂದ್ರ ಕೆಂಪಾಗಿರುತ್ತಾನೆ, ಮಳೆಗಾಲದ ಮೋಡದ ಕಾಟವೂ ಇಲ್ಲ. ಅವತ್ತೂ ಚಂದ್ರ ಸಾಕಷ್ಟು ಮೇಲೆಯೇ ಇರುತ್ತಾನೆ. ಹೊಸದಾಗಿ ಕ್ಯಾಮೆರಾ ಕೊಳ್ಳುವವರು ಹೊರಕ್ಕೆ ತಿರುಗುವ ಸ್ಕ್ರೀನ್ ಇರುವುದನ್ನೇ ನೋಡಿ ಕೊಳ್ಳಿ, ಕುತ್ತಿಗೆ ಉಳಿಯುತ್ತದೆ.