ಹೆಸರು ಹುಡುಕೋ ಆ್ಯಪ್: ಗ್ರಾಫ್ ಸೂಪರ್, ಉಳಿದಿದ್ದು ಅಷ್ಟಕ್ಕಷ್ಟೇ

ಮಗನಿಗೆ ಹಳೇ ಕಾಲದ್ದಾದ್ರೂ ಹಳಸಲು ಅನ್ಸದ ಹೆಸರು ಬೇಕಿತ್ತು, ಅದಕ್ಕೆ ಈ ಆ್ಯಪ್ ಹಾಕ್ಕೊಂಡೆ. ಇದರಲ್ಲಿ ನಿಜವಾಗ್ಲೂ ಕೆಲಸಕ್ಕೆ ಬರೋದು ಅಂದ್ರೆ ಗ್ರಾಫು, ಅಮೆರಿಕದಲ್ಲಿ ಯಾವ ವರ್ಷ ಎಷ್ಟು ಮಕ್ಕಳಿಗೆ ಯಾವ ಹೆಸರಿಟ್ರು ಅನ್ನೋ ಸರ್ಕಾರಿ ಲೆಕ್ಕ 1880ರಿಂದ ಇದೆಯಲ್ಲ ಅದನ್ನೇ ತಗೊಂಡಿದಾರೆ, ವಿಲಿಯಂ ಅಂತ ಒತ್ತಿದ್ರೆ ಆವತ್ತು ಎರಡನೇ ಸ್ಥಾನ, ಈಗ್ಲೂ ಮೇಲ್ಗಡೆನೇ ಇದೆ, ಅದೇ ಜೇಡನ್ ಒತ್ತಿ ನೋಡಿ, 2000ದ ಆಸುಪಾಸಲ್ಲಿ ಗೆರೆ ಸರ್ರಂತ ಮೇಲೆ ಹೋಗಿ ಆಮೇಲೆ ಧೊಪ್ ಅಂತ ಬೀಳತ್ತೆ. ಯಾವ್ದು ಬಾಳಿಕೆ ಬರೋದು, ಯಾವ್ದು ಬರೀ ಫ್ಯಾಶನ್ನು ಅಂತ ಕಣ್ಣಿಗೇ ಕಾಣತ್ತೆ.

ಆದ್ರೆ ‘ಕ್ಲಾಸಿಕ್’ ಫಿಲ್ಟರ್ ಹಾಕಿದ್ರೂ ಜೇಡನ್ ಬರ್ತಾನೇ ಇರತ್ತೆ, ಯಾಕೋ ದೇವರಿಗೇ ಗೊತ್ತು! ಅರ್ಥ ಬರೆದಿರೋದಂತೂ ನಂಬೋಕೇ ಹೋಗ್ಬೇಡಿ, ಎಲ್ಲಾ ಹೆಸರಿಗೂ ‘ಧೈರ್ಯಶಾಲಿ’ ಅಂತೆ, ನಿಘಂಟೇ ವಾಸಿ. ಮೂರು ಸ್ಟಾರ್, ಅದೂ ಗ್ರಾಫಿಗೆ.