ಒಸಡಿನ ಟ್ರೀಟ್‌ಮೆಂಟ್ ತುಂಬಾ ಚೆನ್ನಾಗಿದೆ, ಆದ್ರೆ ಥೈರಾಯ್ಡ್ ಪಾಂಪ್ಲೆಟ್ ನಂಬಬೇಡಿ (4/5)

ನಂಗೆ ಹಾಶಿಮೋಟೊ ಥೈರಾಯ್ಡ್ ಇದೆ, ಅಂದ್ರೆ ದೇಹದ ಇಮ್ಯೂನಿಟಿನೇ ಥೈರಾಯ್ಡ್ ಗ್ರಂಥಿ ಮೇಲೆ ದಾಳಿ ಮಾಡೋ ಕಾಯಿಲೆ, ಅದ್ರ ಜೊತೆ ಬ್ರಷ್ ಮಾಡುವಾಗ ಒಸಡಲ್ಲಿ ರಕ್ತ ಬರೋದು, ಒಂದು ದವಡೆ ಹಲ್ಲು ಲೈಟಾಗಿ ಅಲ್ಲಾಡೋದು ಶುರುವಾಗಿತ್ತು, ಅದಕ್ಕೆ ಪೆರಿಯೊಡಾಂಟಿಸ್ಟ್ ಅಂದ್ರೆ ಒಸಡಿನ ಸ್ಪೆಷಲಿಸ್ಟ್ ಇರೋ ಕ್ಲಿನಿಕ್ಕಿಗೇ ಹೋದೆ. ನನ್ನ ಥರ ಎರಡೂ ಇರೋರಿಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಚೆಕಪ್ ಮಾಡೋ ರೀತಿಗೇ ಫುಲ್ ಮಾರ್ಕ್ಸ್ ಕೊಡಬೇಕು. ಮಿಲಿಮೀಟರ್ ಗೆರೆ ಇರೋ ಸಣ್ಣ ಕಡ್ಡಿನ ಒಂದೊಂದು ಹಲ್ಲಿನ ಸುತ್ತ 6 ಕಡೆ ಒಸಡಿನ ಒಳಗೆ ಇಳಿಸಿ ಡಾಕ್ಟರ್ ಜೋರಾಗಿ ನಂಬರ್ ಹೇಳ್ತಾ ಹೋಗ್ತಾರೆ, ಅಸಿಸ್ಟೆಂಟ್ ಬರ್ಕೋತಾರೆ, ಎರಡು ಮೂರು ಎರಡು ಅಂತ ಹೋಗ್ತಿದ್ದಿದ್ದು ದವಡೆ ಹತ್ರ ಬಂದಾಗ ಐದು ಆರು ಬ್ಲೀಡಿಂಗ್ ಅಂದ್ರು, ಎಲ್ಲಿ ಕೆಟ್ಟಿದೆ ಅಂತ ಚೇರಲ್ಲಿ ಮಲಗಿರೋ ನಮಗೇ ಗೊತ್ತಾಗಿಬಿಡುತ್ತೆ. 3ರ ತನಕ ನಾರ್ಮಲ್, 4 ಆಯ್ತು ಅಂದ್ರೆ ಪಾಕೆಟ್, ಅಂದ್ರೆ ಹಲ್ಲಿಗೂ ಒಸಡಿಗೂ ಮಧ್ಯೆ ಆಳವಾದ ಸಂದು ಆಗಿದೆ ಅಂತ ಲೆಕ್ಕ. ಈ ಚಾರ್ಟ್ ಮಾಡದೆ ಕ್ಲೀನಿಂಗ್ ಮಾಡಿ ಕಳಿಸೋ ಕಡೆ ಪಾಕೆಟ್ ಎಷ್ಟು ಕಮ್ಮಿ ಆಯ್ತು ಅಂತ ಆಮೇಲೆ ಯಾರೂ ಹೇಳಕ್ಕಾಗಲ್ಲ.

ಥೈರಾಯ್ಡ್ ಅಂದ ತಕ್ಷಣ ಟಿಎಸ್‌ಎಚ್ (ಥೈರಾಯ್ಡ್ ನೋಡೋ ರಕ್ತ ಪರೀಕ್ಷೆ) ಎಷ್ಟಿತ್ತು, ಬಾಯಿ ಒಣಗುತ್ತಾ ಅಂತೆಲ್ಲಾ ಕೇಳಿದ್ರು, ಕೆನ್ನೆ ಒಳಗೆ ಬಿಳಿ ಬಲೆ ಥರ ಗೆರೆ ಇದ್ಯಾ ಅಂತ ಲೈಟ್ ಹಾಕಿ ನೋಡಿದ್ರು. ಅದು ಲೈಕೆನ್ ಪ್ಲಾನಸ್ ಅನ್ನೋ ಕಾಯಿಲೆ, ಹೈಪೋಥೈರಾಯ್ಡ್ ಅಂದ್ರೆ ಥೈರಾಯ್ಡ್ ಹಾರ್ಮೋನ್ ಕಮ್ಮಿ ಇರೋರಲ್ಲಿ ಸ್ವಲ್ಪ ಜಾಸ್ತಿ ಕಾಣ್ಸುತ್ತಂತೆ. ಇಷ್ಟು ಕೇಳೋ ಡೆಂಟಿಸ್ಟ್‌ನ ನಾನಂತೂ ಮುಂಚೆ ನೋಡಿರ್ಲಿಲ್ಲ.

ಬೇಜಾರಾಗಿದ್ದು ವೇಟಿಂಗ್ ರೂಮಲ್ಲಿ ಇಟ್ಟಿರೋ ಪಾಂಪ್ಲೆಟ್. ಒಸಡು ಸರಿ ಮಾಡಿಸ್ಕೊಳ್ಳಿ, ಥೈರಾಯ್ಡ್ ಆಂಟಿಬಾಡಿ (ಗ್ರಂಥಿ ವಿರುದ್ಧ ದೇಹ ಮಾಡ್ಕೊಳ್ಳೋ ಪ್ರೋಟೀನ್) ಇಳಿಯುತ್ತೆ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ. ಸಂಬಂಧಾನೇ ಇಲ್ಲ ಅಂತ ನಾನು ಹೇಳ್ತಿಲ್ಲ. ಪಾಕೆಟ್ ಒಳಗಿನ ಬ್ಯಾಕ್ಟೀರಿಯಾ ಜೊತೆ ದೇಹ ದಿನಾ ಹೊಡೆದಾಡ್ತಾ ಇರುತ್ತೆ, ಆಗ ಬರೋ ಐಎಲ್-6, ಟಿಎನ್‌ಎಫ್ ಥರದ ಉರಿಯೂತದ ಕೆಮಿಕಲ್ಸ್ ರಕ್ತಕ್ಕೂ ಸೇರುತ್ತೆ, ಹಾಶಿಮೋಟೊದಲ್ಲಿ ಗ್ರಂಥಿ ಮೇಲೆ ದಾಳಿ ಮಾಡೋ ಇಮ್ಯೂನ್ ಸೆಲ್ಸ್ ಬಳಸೋದೂ ಇದೇ ಥರದ ಕೆಮಿಕಲ್ಸೇ, ಹಾಗಾಗಿ ಎರಡೂ ಒಟ್ಟಿಗೆ ಇರೋದು ಕೆಲವು ಸ್ಟಡಿಗಳಲ್ಲಿ ಕಂಡಿದೆ. ಆದ್ರೆ ಒಟ್ಟಿಗೆ ಇರೋದೇ ಬೇರೆ, ಒಂದರಿಂದ ಇನ್ನೊಂದು ಬರೋದೇ ಬೇರೆ. ಶುಗರ್ ವಿಷಯದಲ್ಲಿ ಒಸಡಿನ ಟ್ರೀಟ್‌ಮೆಂಟ್ ಆದ್ಮೇಲೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ಸ್ವಲ್ಪ ಇಳಿಯುತ್ತೆ ಅನ್ನೋದಕ್ಕೆ ಒಳ್ಳೆ ಪುರಾವೆ ಇದೆ, 2018ರಲ್ಲಿ ಬಂದ ಒಸಡು ಕಾಯಿಲೆ ವರ್ಗೀಕರಣದಲ್ಲೂ ಕಾಯಿಲೆ ಎಷ್ಟು ಬೇಗ ಜಾಸ್ತಿ ಆಗಬಹುದು ಅಂತ ಗ್ರೇಡ್ ಹಾಕುವಾಗ ಶುಗರ್, ಸ್ಮೋಕಿಂಗ್ ಎರಡನ್ನೂ ಲೆಕ್ಕಕ್ಕೆ ತಗೋತಾರೆ, ಥೈರಾಯ್ಡ್ ಅದರಲ್ಲಿ ಇಲ್ಲ. ಈ ಪಾಂಪ್ಲೆಟ್ ನಂಬ್ಕೊಂಡು ಯಾರಾದ್ರೂ ಲಿವೋಥೈರಾಕ್ಸಿನ್ ಅಂದ್ರೆ ಥೈರಾಯ್ಡ್ ಮಾತ್ರೆ ಬಿಟ್ರೆ ಏನು ಗತಿ?

ಡಾಕ್ಟರನ್ನ ನೇರವಾಗಿ ಕೇಳ್ದೆ, ಅವ್ರು ಒಂಚೂರೂ ಸುತ್ತಿ ಬಳಸಿ ಮಾತಾಡ್ದೆ, ಒಸಡು ಒಸಡಿಗೋಸ್ಕರ ಸರಿ ಮಾಡಿಸ್ಕೊಳ್ಳಿ, ಥೈರಾಯ್ಡ್ ಮಾತ್ರೆ ನಿಮ್ಮ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹೇಳಿದಂಗೆ ತಗೊಳ್ತಾ ಇರಿ ಅಂದ್ರು.

ಡೀಪ್ ಕ್ಲೀನಿಂಗ್, ಅಂದ್ರೆ ಒಸಡಿನ ಒಳಗಿನ ಕ್ಲೀನಿಂಗ್‌ನ, ಮರಗಟ್ಟೋ ಇಂಜೆಕ್ಷನ್ ಕೊಟ್ಟು ಒಂದೊಂದು ಸೈಡಾಗಿ ಮಾಡ್ತಾರೆ, ನೋವಿಲ್ಲ, ಆಮೇಲೆ ಕೆಲವು ದಿನ ತಣ್ಣಗಿರೋದು ಕುಡಿದ್ರೆ ಝುಂ ಅನ್ಸುತ್ತೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನ ಹೇಳಿದಷ್ಟು ದಿನ ಮಾತ್ರ ಬಳಸಿ, ಜಾಸ್ತಿ ಆದ್ರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತೆ. ಹಲ್ಲಿನ ಸಂದಿಗೆ ಹಾಕೋ ಪುಟ್ಟ ಬ್ರಷ್‌ನ ಕನ್ನಡಿ ಕೊಟ್ಟು ನನ್ನ ಕೈಲೇ ಮಾಡ್ಸಿದ್ರು, ಯಾವ ಸಂದಿಗೆ ಯಾವ ಸೈಜ್ ಅಂತಾನೂ ಬರ್ಕೊಟ್ರು. ರೀ-ಚೆಕ್ಕಲ್ಲಿ ಆರು ಇದ್ದ ಜಾಗ ನಾಲ್ಕಕ್ಕೆ ಬಂದಿದೆ, ರಕ್ತ ನಿಂತಿದೆ. ಥೈರಾಯ್ಡ್ ಮಾತ್ರೆ ಡೋಸ್ ಮುಂಚೆ ಎಷ್ಟಿತ್ತೋ ಅಷ್ಟೇ ಇದೆ.

ಪಾಂಪ್ಲೆಟ್ ತೆಗೀರಿ ಅಂತ ರಿಸೆಪ್ಷನ್ನಲ್ಲಿ ಹೇಳಿ ಬಂದಿದ್ದೆ, ರೀ-ಚೆಕ್‌ಗೆ ಹೋದಾಗ್ಲೂ ಅಲ್ಲೇ ಇತ್ತು. ಒಂದು ಸ್ಟಾರ್ ಕಮ್ಮಿ ಕೊಟ್ಟಿರೋದು ಅದಕ್ಕೇನೇ.